ಮಗ ಅದೇ ಸಾಕ್ಷ್ಯಚಿತ್ರವನ್ನು ಮತ್ತೆ ಮತ್ತೆ ನೋಡುತ್ತಾನೆ

ಪ್ರಶ್ನೆ: ನಾವು ಇಂಗ್ಲೆಂಡಿನ ಲೀಡ್ಸ್‌ನಲ್ಲಿದ್ದೇವೆ. 17 ವರ್ಷದ ಮಗ ಕ್ಲಬ್ ಕ್ರಿಕೆಟ್ ಆಡುತ್ತಾನೆ. ಕ್ರಿಕೆಟಿಗ ಫ್ಲಿಂಟಾಫ್ ತಮ್ಮ ಬುಲಿಮಿಯಾ (ತಿಂದದ್ದನ್ನು ಬೇಕೆಂದೇ ವಾಂತಿ ಮಾಡುವ) ಕಾಯಿಲೆ ಬಗ್ಗೆ ಹೇಳಿಕೊಂಡ ಬಿಬಿಸಿ ಸಾಕ್ಷ್ಯಚಿತ್ರವನ್ನು ಮೂರು ಸಲ ನೋಡಿದ. ಒಮ್ಮೆ ನನ್ನನ್ನೂ ಪಕ್ಕದಲ್ಲಿ ಕೂರಿಸಿಕೊಂಡ. ಈಗೀಗ ಊಟ ಆದ ತಕ್ಷಣ ಬಾತ್‌ರೂಮಿಗೆ ಹೋಗಿ ನಲ್ಲಿ ಜೋರಾಗಿ ಬಿಡುತ್ತಾನೆ. ಕೇಳೋಕೆ ಭಯ. ಅವನ ಅಪ್ಪ 'ಸುಮ್ನೆ ಏನೇನೋ ಅಂದುಕೋಬೇಡ' ಅನ್ನುತ್ತಾರೆ.

ಉತ್ತರ: ನೋಡಿ ತಾಯಿ, ಕಾಯಿಲೆ ಹೌದೋ ಅಲ್ಲವೋ ವೈದ್ಯರೇ ಹೇಳಬೇಕು. ಆದರೆ ನಿಮ್ಮನ್ನು ಪಕ್ಕದಲ್ಲಿ ಕೂರಿಸಿಕೊಂಡನಲ್ಲ, ಅಲ್ಲೇ ಅವನು ಅರ್ಧ ಮಾತು ಆಡಿಬಿಟ್ಟಿದ್ದಾನೆ ಅನಿಸುತ್ತದೆ ನನಗೆ.

ಫ್ಲಿಂಟಾಫ್ ನಮಗೆಲ್ಲ ಹೇಗೆ ನೆನಪು? 2002ರಲ್ಲಿ ವಾಂಖೆಡೆಯಲ್ಲಿ ನಮ್ಮ ಶ್ರೀನಾಥ್ ಅವರನ್ನು ಬೌಲ್ಡ್ ಮಾಡಿ, ಅಂಗಿ ಕಿತ್ತು ಬೀಸುತ್ತಾ ಓಡಿದವರು. ತುಂಬಿದ ಮೈದಾನದಲ್ಲಿ ಬರಿಮೈಯಲ್ಲಿ ಓಡಿದವರಿಗೆ ತಮ್ಮ ಮೈ ಬಗ್ಗೆ ಅಷ್ಟು ಸಂಕಟ ಇತ್ತು ಅಂದರೆ ನಂಬೋಕಾಗುತ್ತಾ? ತೂಕದ ಬಗ್ಗೆ ಜನ ಆಡಿಕೊಳ್ಳುತ್ತಿದ್ದರು. ಅವರು ತಿಂದದ್ದನ್ನು ವಾಂತಿ ಮಾಡುತ್ತಿದ್ದರು. 2005ರ ಆ್ಯಶಸ್‌ನಲ್ಲಿ 402 ರನ್, 24 ವಿಕೆಟ್! ಅದಾದ ಮೇಲೂ ಕಾಯಿಲೆ ಬಿಡಲಿಲ್ಲ. 2020ರಲ್ಲಿ ಈ ಚಿತ್ರ ಬರುವ ಹೊತ್ತಿಗೆ 20 ವರ್ಷ ಚಿಕಿತ್ಸೆಯೇ ಇಲ್ಲದೆ ಕಳೆದಿದ್ದರು. ನಿಮ್ಮ ಮಗನಿಗೆ ಹಾಗಾಗೋದು ಬೇಡ.

ಕೇಳಿ. ಊಟದ ಹೊತ್ತಲ್ಲಿ ಬೇಡ, ಬಾತ್‌ರೂಮಿನ ಬಾಗಿಲಲ್ಲಂತೂ ಬೇಡವೇ ಬೇಡ. ಪ್ರಾಕ್ಟೀಸಿಗೆ ಬಿಡಲು ಹೋಗುವಾಗ ಕಾರಿನಲ್ಲಿ ಕೇಳಿ. ಇಬ್ಬರೂ ರಸ್ತೆ ನೋಡುತ್ತಿರುತ್ತೀರಿ, ಮುಖ ನೋಡುವ ಕಷ್ಟ ಇರಲ್ಲ. 'ಆ ಚಿತ್ರ ನೋಡಿದಾಗಿನಿಂದ ನಿನ್ನದೇ ಯೋಚನೆ ಕಂದ. ನಿನಗೂ ಹಾಗೆ ಆಗ್ತಿದೆಯಾ? ನಾನು ಬೈಯಲ್ಲ.' ಇಷ್ಟು ಹೇಳಿ ಸುಮ್ಮನಿರಿ. ಇಲ್ಲ ಅಂದರೆ ವಾದ ಬೇಡ, ಇನ್ನೊಂದು ದಿನ ಮತ್ತೆ ಕೇಳಿ.

ಜಿಪಿ, ಅಂದರೆ ನಿಮ್ಮ ಸ್ಥಳೀಯ ವೈದ್ಯರ ಹತ್ತಿರ ಈ ವಾರವೇ ಸಮಯ ತೆಗೆದುಕೊಳ್ಳಿ. ಹೋಗೋಕೆ ಅವನು ಒಪ್ಪದಿದ್ದರೂ, ನೀವು ಕಂಡದ್ದನ್ನು ಅವರಿಗೆ ಹೇಳಬಹುದು. ಬೀಟ್ ಎಂಬ ಸಂಸ್ಥೆ ಅಲ್ಲಿ ಇಂಥ ಮಕ್ಕಳಿಗೂ ಮನೆಯವರಿಗೂ ನೆರವಾಗುತ್ತದೆ. ಪದೇ ಪದೇ ವಾಂತಿಯಾದರೆ ಪೊಟ್ಯಾಸಿಯಮ್ ಇಳಿದು ಹೃದಯದ ಬಡಿತವೇ ತಪ್ಪಬಹುದು. ತಲೆ ಸುತ್ತಿ ಬಿದ್ದರೆ, ಎದೆ ನೋವು ಅಂದರೆ ಕಾಯಬೇಡಿ, 999ಕ್ಕೆ ಕರೆ ಮಾಡಿ.

ಇನ್ನೊಂದು ಮಾತು. ವಿಡಿಯೊ ಕಾಲ್‌ನಲ್ಲಿ ಊರಿನ ಅಜ್ಜಿ 'ದಪ್ಪ ಆಗಿದ್ದೀಯಲ್ಲೋ' ಅಂತ ಪ್ರೀತಿಯಿಂದಲೇ ಅನ್ನುತ್ತಾರೆ, ಅಲ್ವಾ? ಸದ್ಯ ಆ ಮಾತು ಬೇಡ ಅಂತ ಅವರಿಗೆ ಮೊದಲೇ ಹೇಳಿಡಿ. 'ಇನ್ನೊಂದು ದೋಸೆ ಹಾಕ್ಲಾ' ಅಂತ ನೀವೂ ಬಲವಂತ ಮಾಡಬೇಡಿ.

ಮತ್ತೆ ಅವನ ಅಪ್ಪ. ಮಗ ಮೂರು ಸಲ ನೋಡಿದ ಚಿತ್ರವನ್ನು ಅವರು ಒಂದು ಸಲ ನೋಡಲಿ, ಇವತ್ತು ರಾತ್ರಿಯೇ.