ಬಾವಿಯ ಮೇಲೆ ಕಾರು

ಕಾರವಾರದ ಕೋಡಿಬಾಗದಿಂದ ನಿವೃತ್ತ ಮಾಸ್ತರರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಅಕ್ಷರ ಮುತ್ತಿನ ಹಾಗಿದೆ. ಪೂರ್ತಿ ಹಾಕಲು ಜಾಗವಿಲ್ಲ, ಸಾರ ಇಷ್ಟು. ಮಗ ಡೆನ್ಮಾರ್ಕಿನ ಕೋಪನ್‌ಹೇಗನ್ನಿನಲ್ಲಿದ್ದಾನೆ, ಮೂರು ತಿಂಗಳು ಅಲ್ಲಿದ್ದು ಬಂದರು. ಅಲ್ಲಿ ಕೋಟು ಹಾಕಿದವರೂ ಸೈಕಲ್ಲಿನಲ್ಲೇ ಕಚೇರಿಗೆ ಹೋಗುತ್ತಾರೆ. ಊರ ನಡುವಿನ ಬಂದರಿನ ನೀರಿನಲ್ಲಿ ಮಕ್ಕಳು ಈಜುತ್ತಾರೆ. ಒಂದು ನಗರದ ಆಡಳಿತ ಮನಸ್ಸು ಮಾಡಿದರೆ ಏನೆಲ್ಲ ಆಗುತ್ತದೆ! ನಮ್ಮ ಕಡೆಯ ಊರುಗಳ ಆಡಳಿತಕ್ಕೆ ಪರಿಸರ ಅಂದರೆ ಜೂನ್ 5ರಂದು ಗಿಡ ನೆಟ್ಟು ಫೋಟೊ ತೆಗೆಸಿಕೊಳ್ಳುವುದು ಅಷ್ಟೇ. "ನೀವಾದರೂ ಸ್ವಲ್ಪ ಖಾರವಾಗಿ ಬರೆಯಿರಿ" ಎಂದು ಕೇಳಿದ್ದಾರೆ.

ಖಾರವಾಗಿಯೇ ಬರೆಯೋಣ ಅಂತ ಪೆನ್ನು ಹಿಡಿದಿದ್ದೆ. ಆದರೆ ಪತ್ರದ ತುದಿಯಲ್ಲಿ ಊರಿನ ಸುದ್ದಿ ಅಂತ ಎರಡು ಸಾಲು ಸೇರಿಸಿದ್ದೀರಲ್ಲ ಮಾಸ್ತರರೇ, ಅದು ನನ್ನನ್ನು ಹಿಡಿದು ನಿಲ್ಲಿಸಿತು. "ಅಂಗಳದ ಬಾವಿಗೆ ಸ್ಲ್ಯಾಬ್ ಹಾಕಿಸಿದೆವು. ಸುತ್ತ ಇಂಟರ್‌ಲಾಕ್ ಆಯಿತು. ಸೊಳ್ಳೆ ಕಾಟ ತಪ್ಪಿತು, ಕಾರು ನಿಲ್ಲಿಸಲೂ ಜಾಗ ಸಿಕ್ಕಿತು."

ಮೊದಲು ಕೋಪನ್‌ಹೇಗನ್ನಿನ ಮಾತು ಮುಗಿಸಿಬಿಡುತ್ತೇನೆ. ನೀವು ಹೊಗಳಿದ್ದರಲ್ಲಿ ತಪ್ಪಿಲ್ಲ. ಆ ಬಂದರಿನಲ್ಲಿ ಈಜುವ ಜಾಗ ತೆರೆದದ್ದು 2002ರಲ್ಲಿ. ಅದಕ್ಕೂ ಮುಂಚೆ ಜೋರು ಮಳೆ ಬಂದಾಗಲೆಲ್ಲ ಊರಿನ ಚರಂಡಿ ಉಕ್ಕಿ ಬಂದರಿಗೇ ಸೇರುತ್ತಿತ್ತು. ಅದನ್ನು ತಡೆದು ನಿಲ್ಲಿಸಲು ನೆಲದಡಿ ಟಾಕಿ ಕಟ್ಟಿದರು. ವರ್ಷಗಟ್ಟಲೆ ನಡೆದ ಕೆಲಸ, ಯಾರ ಕಣ್ಣಿಗೂ ಕಾಣದ ಕೆಲಸ. 2025ರೊಳಗೆ ಇಂಗಾಲದ ಲೆಕ್ಕ ಸೊನ್ನೆ ಮಾಡುತ್ತೇವೆ ಅಂತ ಹೇಳಿದ್ದವರು 2022ರಲ್ಲಿ, ಇಲ್ಲ, ಆಗುವುದಿಲ್ಲ ಅಂತ ಅವರೇ ಒಪ್ಪಿಕೊಂಡರು. ಆಗುವುದಿಲ್ಲ ಅಂತ ಒಪ್ಪಿಕೊಳ್ಳುವ ಆಡಳಿತ! ನನಗೆ ಸೈಕಲ್ಲಿಗಿಂತ ಅದೇ ದೊಡ್ಡದಾಗಿ ಕಂಡಿತು.

ಆದರೆ ಮೂರು ತಿಂಗಳು ನೀವು ಅಲ್ಲಿ ಕುಡಿದ ನೀರು ಯಾವುದು ಅಂತ ಮಗನನ್ನು ಕೇಳಿದಿರಾ? ಡೆನ್ಮಾರ್ಕಿನಲ್ಲಿ ಕುಡಿಯುವ ನೀರು ಹೆಚ್ಚುಕಡಿಮೆ ಎಲ್ಲವೂ ಅಂತರ್ಜಲ. ನೆಲದಿಂದ ಎತ್ತಿದ ನೀರು. ಅಂದರೆ ಬಾವಿ ನೀರು ಅಂತಲೇ ಇಟ್ಟುಕೊಳ್ಳಿ. ನಮ್ಮ ಮಾಸ್ತರರು ಬಾವಿ ನೀರು ಕುಡಿಯುವ ದೇಶ ನೋಡಿ, ಮೆಚ್ಚಿ, ಮನೆಗೆ ಬಂದು ಬಾವಿ ಮುಚ್ಚಿಸಿದರು!

ಸಿಟ್ಟು ಮಾಡಬೇಡಿ. ನಾನೂ ಸಾಚಾ ಅಲ್ಲ. ಶಿರಸಿಯಲ್ಲಿ ಮನೆ ಕಟ್ಟಿಸಿದಾಗ ನಾನೂ ಅಂಗಳಕ್ಕೆಲ್ಲ ಇಂಟರ್‌ಲಾಕ್ ಹಾಕಿಸಿದವನೇ. ಕೆಸರಿಲ್ಲ, ಕಳೆ ಇಲ್ಲ, ನೋಡಲು ಚೆಂದ. ಮೊದಲ ಮಳೆಗಾಲದಲ್ಲಿ ಆ ನೀರೆಲ್ಲ ಪಕ್ಕದ ಮನೆಯ ಬಚ್ಚಲಿಗೆ ನುಗ್ಗಿತು. ಪಕ್ಕದ ಮನೆ ಅಕ್ಕ ಬೈಯಲಿಲ್ಲ. ಒಂದು ಹಿಡಿಕಟ್ಟು ತಂದು ನನ್ನ ಕೈಗೆ ಕೊಟ್ಟು, "ನಿಮ್ಮ ನೀರು, ನೀವೇ ಗುಡಿಸಿ" ಅಂದರು. ಮರುವರ್ಷ ಅರ್ಧ ಅಂಗಳ ಕೀಳಿಸಿದೆ.

ಈಗ ಒಂದು ಲೆಕ್ಕ. ನೀವು ಮಾಸ್ತರರು, ತಪ್ಪಿದ್ದರೆ ಕೆಂಪು ಶಾಯಿಯಲ್ಲಿ ತಿದ್ದಿ. ಕಾರವಾರದಲ್ಲಿ ವರ್ಷಕ್ಕೆ ಬೀಳುವ ಮಳೆ 3,000 ಮಿಲಿಮೀಟರಿನ ಆಸುಪಾಸು. ಕೋಪನ್‌ಹೇಗನ್ನಿನಲ್ಲಿ ವರ್ಷವಿಡೀ ಬೀಳುವುದು ನಿಮ್ಮಲ್ಲಿ ಜುಲೈ ಒಂದೇ ತಿಂಗಳಿಗೆ ಬಿದ್ದು ಮುಗಿಯುತ್ತದೆ. 1,000 ಚದರಡಿಯ ಒಂದು ಮಾಡಿನ ಮೇಲೆ ಮೂರು ಮೀಟರ್ ಮಳೆ ಬಿದ್ದರೆ ಎರಡೂ ಮುಕ್ಕಾಲು ಲಕ್ಷ ಲೀಟರ್. ಪಟ್ಟಣದಲ್ಲಿ ತಲೆಗೆ ದಿನಕ್ಕೆ 135 ಲೀಟರ್ ಅಂತ ಸರಕಾರದ ಲೆಕ್ಕ. ನಾಲ್ಕು ಜನರ ಮನೆಗೆ ವರ್ಷಕ್ಕೆ ಎರಡು ಲಕ್ಷವೂ ಬೇಡ. ನಿಮ್ಮ ಹಂಚಿನ ಮೇಲೆ ಬಿದ್ದದ್ದು ನಿಮಗೆ ಸಾಕಾಗಿ ಮಿಗುತ್ತದೆ. ಅದೆಲ್ಲ ಇಂಟರ್‌ಲಾಕ್ ಮೇಲೆ ಜಾರಿ, ಗಟಾರಕ್ಕೆ ಬಿದ್ದು, ಸಮುದ್ರಕ್ಕೆ ಹೋಗುತ್ತದೆ. ಆಮೇಲೆ ಕಾಳಿ ದಂಡೆಯ ಕಾರವಾರ ಅಂಕೋಲೆಯ ಗಂಗಾವಳಿಯಿಂದ ಪೈಪಿನಲ್ಲಿ ನೀರು ತರಿಸುತ್ತದೆ. ಮನೆ ಬಾಗಿಲಲ್ಲೇ ಕಾಳಿ ಇದೆ, ಆದರೆ ಅಳಿವೆಯ ನೀರು ಉಪ್ಪು. ಆ ಗಂಗಾವಳಿಯ ಗತಿಯೇನು ಅಂತ 2024ರ ಜುಲೈ 16ರಂದು ಶಿರೂರಿನಲ್ಲಿ ನೋಡಿದೆವಲ್ಲ. ಗುಡ್ಡ ಹೆದ್ದಾರಿಯ ಮೇಲೆ ಹಾದು ಹೊಳೆಯೊಳಗೇ ಬಂದು ಬಿತ್ತು.

ನಾವು ಶಿರಸಿಯವರೂ ದೊಡ್ಡ ಬುದ್ಧಿವಂತರಲ್ಲ ಬಿಡಿ. ಅಘನಾಶಿನಿ ಹುಟ್ಟುವುದು ಇಲ್ಲಿನ ಶಂಕರ ಹೊಂಡದಲ್ಲಿ ಅಂತ ಬಂದ ನೆಂಟರಿಗೆಲ್ಲ ಎದೆಯುಬ್ಬಿಸಿ ತೋರಿಸುತ್ತೇವೆ. ಅದೇ ಹೊಳೆ ಕುಮಟೆಯ ಹತ್ತಿರ ಸಮುದ್ರ ಸೇರುವಲ್ಲಿ ಅಳಿವೆಗೆ 2024ರಲ್ಲಿ ಜಗತ್ತಿನ ಮುಖ್ಯ ಜೌಗು ನೆಲಗಳ ರಾಮ್ಸಾರ್ ಪಟ್ಟಿಯಲ್ಲಿ ಜಾಗ ಸಿಕ್ಕಿತು, ಅದಕ್ಕೂ ಸಂಭ್ರಮ ಪಟ್ಟೆವು. ಏಪ್ರಿಲ್ ಕೊನೆಗೆ ಮಾತ್ರ ಟ್ಯಾಂಕರ್ ಎಲ್ಲಿಗೆ ಬಂತು ಅಂತ ಕಿವಿಗೊಟ್ಟು ಕೂರುತ್ತೇವೆ.

ನನ್ನ ಅಜ್ಜಿಯ ಮನೆ ಅಂಕೋಲೆಯ ಹತ್ತಿರ. ಮೇ ತಿಂಗಳಲ್ಲಿ ಬಾವಿಯ ಹೂಳು ತೆಗೆಸುವುದು ನಮಗೆ ಹಬ್ಬ. ಚಿರೇಕಲ್ಲಿನ ಸಂದಿಯಲ್ಲಿ ಕಾಲಿಟ್ಟು ಒಬ್ಬ ಇಳಿಯುತ್ತಿದ್ದ. ಕೆಳಗಿನಿಂದ ಬುಟ್ಟಿ ಬುಟ್ಟಿ ಕಪ್ಪು ಕೆಸರು ಬರುತ್ತಿತ್ತು. ಅದರ ಜೊತೆ ವರ್ಷದ ಗಂಟೆಲ್ಲ ಬರುತ್ತಿತ್ತು. ಹಿತ್ತಾಳೆ ಚೊಂಬು, ಒಂಟಿ ಚಪ್ಪಲಿ, ಒಮ್ಮೆ ನಾನು ಕದ್ದು ಬೀಳಿಸಿದ್ದ ಮಾವನ ಪೆನ್ನು. ಕೊನೆಗೆ ಕೆಳಗಿನಿಂದ "ಒರತೆ ಒಡೀತು!" ಅಂತ ಕೂಗು. ಮೊದಲು ಮೇಲೆ ಬಂದ ಕೊಡದ ನೀರನ್ನು ಅಜ್ಜಿ ತುಳಸಿಗೆ ಹಾಕುತ್ತಿದ್ದಳು. ದೀಪಾವಳಿಗೆ ನೀರು ತುಂಬುವ ದಿನ ಹಂಡೆಗೆ ಹಿಂಡಲಕಾಯಿ ಬಳ್ಳಿ ಕಟ್ಟುವಾಗ ಬಾವಿಕಟ್ಟೆಗೂ ಒಂದು ತುಂಡು. ಕೇರಿಗೆಲ್ಲ ಸೇರಿ ಒಂದು ಪಾತಾಳಗರಡಿ ಇತ್ತು, ಬಾವಿಗೆ ಬಿದ್ದ ಕೊಡ ಎತ್ತುವ ಕಬ್ಬಿಣದ ಕೊಕ್ಕೆಗಳ ಗೊಂಚಲು. ಕೊಡ ಬಿದ್ದ ಮನೆಯವರು ಒಯ್ಯುವುದು, ಕೆಲಸ ಮುಗಿದ ಮೇಲೆ ತಂದು ಅಜ್ಜಿಯ ಜಗಲಿಗೆ ತೂಗುಹಾಕುವುದು. ಈಗಿನ ಮಕ್ಕಳಿಗೆ ಆ ಹೆಸರು ಹೇಳಿದರೆ ವಿಡಿಯೊ ಗೇಮಾ ಅಂತ ಕೇಳುತ್ತಾರೆ. ಪಾಠದಲ್ಲಿ ಮಾತ್ರ 'ಮಳೆನೀರು ಕೊಯ್ಲು' ಇದೆ. ಚಿತ್ರ ಬಿಡಿಸಿದರೆ ಅಂಕ, ಬಾವಿಗೆ ಇಣುಕಿದರೆ ಬೈಗುಳ.

ನಿಮ್ಮ ಸೊಳ್ಳೆಯ ವಿಷಯ ನಿಜ. ಬಾವಿಯ ಪಕ್ಕದಲ್ಲೇ ಶೌಚದ ಗುಂಡಿ ತೋಡಿ ನೀರು ಕೆಡಿಸಿಕೊಂಡದ್ದೂ ನಿಜ. ನಮ್ಮ ಜಂಬಿಟ್ಟಿಗೆ ನೆಲ ಇಂಗಿದ ನೀರನ್ನು ಜಾಸ್ತಿ ದಿನ ಹಿಡಿದಿಡುವುದಿಲ್ಲ, ಬೇಗ ಬಿಟ್ಟುಕೊಡುತ್ತದೆ. ಇಷ್ಟಕ್ಕೆಲ್ಲ ಬಾವಿ ಮುಚ್ಚುವುದೇ ಮದ್ದಾ? ಗಪ್ಪಿ ಮೀನು ಬಿಟ್ಟು ಬಲೆ ಕಟ್ಟಿದ್ದರೆ ಸೊಳ್ಳೆಗೆ ಸಾಕಿತ್ತು.

ಆಡಳಿತ ಮನಸ್ಸು ಮಾಡಿದರೆ ಅಂದಿರಲ್ಲ, ಅದಕ್ಕೆ ಡೆನ್ಮಾರ್ಕಿನ ತನಕ ಹೋಗಬೇಕಿಲ್ಲ. ಕೇರಳದ ತ್ರಿಶೂರಿಗೆ ಹೋಗಿ ಬನ್ನಿ. ಅಲ್ಲಿನ ಜಿಲ್ಲಾಡಳಿತ 2008ರಲ್ಲಿ ಮಳಪ್ಪೊಲಿಮ ಅಂತ ಒಂದು ಯೋಜನೆ ಶುರು ಮಾಡಿತು. ದೊಡ್ಡ ತಂತ್ರವೇನಿಲ್ಲ. ಮಾಡಿನ ನೀರನ್ನು ಅದರ ಅಂಚಿಗೆ ಕಟ್ಟಿದ ದೋಣಿಯಲ್ಲಿ ಹಿಡಿದು ಪೈಪಿಗೆ ಬಿಡುವುದು, ಜಲ್ಲಿ ಮರಳು ಇದ್ದಿಲು ತುಂಬಿದ ಡಬ್ಬದಲ್ಲಿ ಸೋಸುವುದು, ಮನೆಯ ಬಾವಿಗೇ ಇಳಿಸುವುದು. ಮೊದಲ ಮಳೆಯ ಕೊಳೆನೀರು ಮಾತ್ರ ಹೊರಗೆ. ನಮ್ಮ ಹಾಗೇ ಕರಾವಳಿ, ನಮ್ಮ ಹಾಗೇ ಮಳೆ, ಅಂಗಳಕ್ಕೊಂದು ಬಾವಿ. ಕೋಪನ್‌ಹೇಗನ್ ಆದರೂ ಮಾಡಿದ್ದು ಇದನ್ನೇ ಅಲ್ವಾ? 2011ರ ಜುಲೈ 2ರಂದು ಎರಡು ತಾಸಿನಲ್ಲಿ 150 ಮಿಲಿಮೀಟರಿನಷ್ಟು ಮಳೆ ಸುರಿದು ಊರೇ ಮುಳುಗಿತು. ಮರುವರ್ಷ ಯೋಜನೆ ಮಾಡಿ, ಜೋರು ಮಳೆಗೆ ಪಾರ್ಕುಗಳೇ ಕೆರೆಯಾಗುವ ಹಾಗೆ ತಗ್ಗು ತೋಡಲು ಹೊರಟರು. ನೀರಿಗೆ ಜಾಗ ಬಿಟ್ಟರು. ನಾವು ಇರುವ ತಗ್ಗಿಗೆ ಮಣ್ಣು ತುಂಬಿ ಸೈಟ್ ಮಾಡುತ್ತೇವೆ.

ಕಾನೂನು ತಂದರೆ ಆಗುತ್ತದೆ ಅನ್ನುವವರಿಗೆ ಚೆನ್ನೈ ನೆನಪಿಸುತ್ತೇನೆ. ತಮಿಳುನಾಡು 2003ರಲ್ಲೇ ಮಳೆಕೊಯ್ಲು ಕಡ್ಡಾಯ ಮಾಡಿತು. ಬಾವಿಗಳಲ್ಲಿ ನೀರೂ ಏರಿತು. ಆಮೇಲೆ ಪೈಪಿನಲ್ಲಿ ಕಸ ಕಟ್ಟಿತು, ಯಾರೂ ಕೈ ಹಾಕಲಿಲ್ಲ. 2019ರ ಬೇಸಿಗೆಯಲ್ಲಿ ಚೆನ್ನೈಗೆ ರೈಲಿನಲ್ಲಿ ನೀರು ಹೋಯಿತು. ಬೆಂಗಳೂರಿನಲ್ಲೂ 2009ರಲ್ಲಿ ಕಾನೂನು ಬಂತು. ಪೈಪ್ ಹಾಕಿಸುವುದಕ್ಕಿಂತ ದಂಡ ಕಟ್ಟುವುದೇ ಸಸ್ತಾ ಅಂತ ಕೂತ ಮನೆಗಳೂ ಇವೆ.

ನಗರಸಭೆಯವರ ಪರವಾಗಿಯೂ ಒಂದು ಮಾತು ಹೇಳಬೇಕು. ಸಂವಿಧಾನದ 74ನೇ ತಿದ್ದುಪಡಿ ಇವರಿಗೆ ಅಂತ 18 ಕೆಲಸಗಳ ಪಟ್ಟಿ ಮಾಡಿದೆ. ನೀರು, ಕಸ, ಪರಿಸರ ಎಲ್ಲ ಅದರಲ್ಲಿವೆ. ದುಡ್ಡು ಮತ್ತು ಅಪ್ಪಣೆ ಮಾತ್ರ ಬೆಂಗಳೂರಿನಿಂದ ಬರಬೇಕು. 2018ರಲ್ಲಿ ಗೆದ್ದ ಸದಸ್ಯರು ಮೀಸಲಾತಿ ಜಗಳ ಕೋರ್ಟಿನಲ್ಲಿದ್ದುದರಿಂದ 2020ರವರೆಗೆ ಅಧ್ಯಕ್ಷರಿಲ್ಲದೆ ಕೂತದ್ದು ರಾಜ್ಯದ ಎಷ್ಟೋ ಊರುಗಳ ಕಥೆ. ಇನ್ನು ಬಾವಿ ಅಂದರೆ ಟೆಂಡರಿಲ್ಲ, ಉದ್ಘಾಟನೆ ಇಲ್ಲ. ಎಲ್‌ಇಡಿ ದೀಪಕ್ಕೆ ಸ್ವಿಚ್ ಒತ್ತಬಹುದು, ಸೆಲ್ಫಿ ಕಟ್ಟೆಗೆ ರಿಬ್ಬನ್ ಕತ್ತರಿಸಬಹುದು. ಒರತೆಗೆ ಏನು ಮಾಡುತ್ತೀರಿ? ವಾರ್ಡಿಗೆ ಎಷ್ಟು ಬಾವಿ ಉಳಿದಿವೆ, ಯಾವುದರಲ್ಲಿ ಮೇ ತಿಂಗಳಲ್ಲಿ ನೀರಿದೆ ಅಂತ ಒಂದು ಪಟ್ಟಿ ಮಾಡಿಸಲಿ, ಖಾರ ಎಲ್ಲ ವಾಪಸ್ ತೆಗೆದುಕೊಳ್ಳುತ್ತೇನೆ.

ನೀವು ಸ್ಲ್ಯಾಬ್ ಹಾಕಿಸಿದ್ದೀರಿ, ಮಣ್ಣು ತುಂಬಿಸಿಲ್ಲ. ಅದೇ ನನಗೆ ಆಸೆ. ಒಂದು ಭಾನುವಾರ ಕಾರು ಆಚೆ ನಿಲ್ಲಿಸಿ, ನಾಲ್ಕು ಆಳು ಕರೆಸಿ ಎತ್ತಿಸಿ. ಮಾಡಿನಿಂದ ಒಂದು ಪೈಪ್ ಎಳೆಸಿ. ನೀರು ಎಷ್ಟು ಮೊಳ ಕೆಳಗಿದೆ ಅಂತ ಹಗ್ಗ ಬಿಟ್ಟು ಅಳೆದು ನನಗೆ ಬರೆಯಿರಿ, ಆ ಪತ್ರ ಪೂರ್ತಿ ಹಾಕುತ್ತೇನೆ. ಅಭ್ಯಾಸ ತಪ್ಪಿದೆ, ಕೊಡ ಬೀಳುವುದು ಖಂಡಿತ. ಅಜ್ಜಿಯ ಪಾತಾಳಗರಡಿ ಈಗ ನಮ್ಮ ಅಟ್ಟದ ಮೇಲಿದೆ. ಒಂದು ಫೋನ್ ಮಾಡಿ, ಕಾರವಾರದ ಬಸ್ಸಿಗೆ ಹಾಕಿ ಕಳಿಸುತ್ತೇನೆ.

ಸಂ.