ಹಲವು ಕೆಲಸ ಮಾಡುವ ಪ್ರೊಟೀನನ್ನು ಕ್ಯಾನ್ಸರ್ ಔಷಧದಿಂದ ತಡೆಯುವುದು ಏಕೆ ಕಷ್ಟ?

ಕ್ಯಾನ್ಸರ್ ಕೋಶಗಳಿಂದ ಒಂದು ಪ್ರೊಟೀನಿನ ಜೀನನ್ನೇ ತೆಗೆದುಹಾಕಿದರೆ ಅವು ಸಾಯುತ್ತವೆ, ಅದೇ ಪ್ರೊಟೀನನ್ನು ತಡೆಯುವ ಔಷಧ ಕೊಟ್ಟರೆ ಬದುಕಿಯೇ ಇರುತ್ತವೆ, ಹೀಗೇಕೆ ಎಂದು ಕೇಳಿದ್ದೀರಿ. ಔಷಧವೇ ದುರ್ಬಲವಾಗಿರಬಹುದು, ನಿಜ. ಆದರೆ ನಾನು ಮೊದಲು ನೋಡುವುದು ಆ ಪ್ರೊಟೀನಿಗೆ ಬೇರೆ ಕೆಲಸಗಳೂ ಇವೆಯೇ ಎಂಬುದನ್ನು. ಜೀನ್ ಹೋದರೆ ಪ್ರೊಟೀನೇ ಇರುವುದಿಲ್ಲ. ಔಷಧದ ಅಣುವಾದರೋ ಸಾಮಾನ್ಯವಾಗಿ ಕಿಣ್ವದ (ರಾಸಾಯನಿಕ ಕ್ರಿಯೆ ನಡೆಸುವ ಪ್ರೊಟೀನಿನ) ಕ್ರಿಯೆ ನಡೆಯುವ ಜಾಗದಲ್ಲಿ ಕೂತು ಆ ಒಂದು ಕ್ರಿಯೆಯನ್ನಷ್ಟೇ ನಿಲ್ಲಿಸುತ್ತದೆ.

ಉದಾಹರಣೆಗೆ, ಅರೋರಾ-ಎ ಎಂಬ ಕೈನೇಸ್ (ಬೇರೆ ಪ್ರೊಟೀನುಗಳಿಗೆ ಫಾಸ್ಫೇಟ್ ಅಂಟಿಸುವ ಕಿಣ್ವ) ಕೋಶ ವಿಭಜನೆಗೆ ಬೇಕು. ಮಕ್ಕಳಲ್ಲಿ ಕಾಣುವ, ಅಪಕ್ವ ನರಕೋಶಗಳ ಕ್ಯಾನ್ಸರ್ ಆದ ನ್ಯೂರೋಬ್ಲಾಸ್ಟೋಮಾದಲ್ಲಿ ಅದು ಗೆಡ್ಡೆಯನ್ನು ಬೆಳೆಸುವ ಎನ್-ಮಿಕ್ ಪ್ರೊಟೀನಿಗೆ ಅಂಟಿಕೊಂಡು, ಕೋಶ ಅದನ್ನು ಒಡೆದುಹಾಕದಂತೆ ಕಾಯುತ್ತದೆ. ಈ ಕಾವಲಿಗೆ ಕಿಣ್ವದ ಕ್ರಿಯೆ ಬೇಕಾಗಿಯೇ ಇಲ್ಲ. ಹಾಗಾಗಿ ಅರೋರಾದ ಆಕಾರವನ್ನೇ ಬದಲಿಸಿ ಎನ್-ಮಿಕ್‌ನ ಹಿಡಿತ ಬಿಡಿಸುವ ಅಣುಗಳನ್ನು ಹುಡುಕಬೇಕಾಯಿತು.

ಬಿ-ರಾಫ್‌ನ ಕತೆ ಇನ್ನೂ ವಿಚಿತ್ರ. ಕೋಶಕ್ಕೆ ಬೆಳೆಯುವ ಸಂಕೇತವನ್ನು ಮುಂದಕ್ಕೆ ಸಾಗಿಸುವ ಕಿಣ್ವ ಇದು. ಇದರ ಜೀನಿನಲ್ಲಿ ವಿ600ಇ ಎಂಬ ಮ್ಯುಟೇಶನ್ (ಬದಲಾವಣೆ) ಇರುವ ಮೆಲನೋಮಾ ಎಂಬ ಚರ್ಮದ ಕ್ಯಾನ್ಸರಿಗೆ, ಬಿ-ರಾಫ್ ತಡೆಯುವ ವೆಮುರಾಫೆನಿಬ್ 2011ರಲ್ಲಿ ಅಮೆರಿಕದಲ್ಲಿ ಅನುಮೋದನೆ ಪಡೆಯಿತು, ಗೆಡ್ಡೆಗಳು ಬೇಗನೆ ಕುಗ್ಗಿದವು ಕೂಡ. ಆದರೆ ಮ್ಯುಟೇಶನ್ ಇಲ್ಲದ ಕೋಶಗಳಲ್ಲಿ ರಾಫ್ ಪ್ರೊಟೀನುಗಳು ಜೋಡಿಯಾಗಿ ಕೆಲಸ ಮಾಡುತ್ತವೆ. ಔಷಧ ಜೋಡಿಯಲ್ಲಿ ಒಂದಕ್ಕೆ ಕೂತಾಗ, ರಾಫ್ ಅನ್ನು ಚಾಲನೆಗೊಳಿಸುವ ರಾಸ್ ಪ್ರೊಟೀನು ಸಕ್ರಿಯವಾಗಿದ್ದರೆ, ಇನ್ನೊಂದು ಚುರುಕಾಗುತ್ತದೆ. ತಡೆಯಬೇಕಾದ ಸಂಕೇತವೇ ಹೆಚ್ಚಾಗಿ, ಕೆಲವು ರೋಗಿಗಳ ಚರ್ಮದಲ್ಲಿ ಸ್ಕ್ವೇಮಸ್ (ಚಪ್ಪಟೆ) ಕೋಶಗಳ ಹೊಸ ಕ್ಯಾನ್ಸರ್ ಕಾಣಿಸಿಕೊಂಡಿತು. ಅದೇ ಸರಣಿಯಲ್ಲಿ ಮುಂದಿರುವ ಮೆಕ್ ಕಿಣ್ವವನ್ನೂ ತಡೆಯುವ ಔಷಧವನ್ನು ಜೊತೆಗೆ ಕೊಟ್ಟ ಮೇಲೆ ಈ ತೊಂದರೆ ಕಡಿಮೆಯಾಯಿತು.

ಆರೋಗ್ಯವಂತ ಅಂಗಾಂಶಗಳ ಸಮಸ್ಯೆ ಬೇರೆ. 2019ರಲ್ಲಿ ಬಂದ ಸ್ತನ ಕ್ಯಾನ್ಸರ್ ಔಷಧ ಅಲ್ಪೆಲಿಸಿಬ್ ತಡೆಯುವ ಪಿಐ3ಕೆ-ಆಲ್ಫಾ ಎಂಬ ಕಿಣ್ವ ಇನ್ಸುಲಿನ್ ಸಂಕೇತಕ್ಕೂ ಬೇಕು. ಅದನ್ನು ತಡೆದಾಗ ರಕ್ತದ ಸಕ್ಕರೆ ಏರುತ್ತದೆ, ಅದಕ್ಕೆ ಪ್ರತಿಯಾಗಿ ಹೆಚ್ಚುವ ಇನ್ಸುಲಿನ್ ಗೆಡ್ಡೆಯಲ್ಲೂ ಅದೇ ಸಂಕೇತವನ್ನು ಮತ್ತೆ ಎಬ್ಬಿಸಬಲ್ಲದು.

ಹಾಗಾದರೆ ಪ್ರೊಟೀನನ್ನೇ ಕೋಶದ ಕಸಕ್ಕೆ ಕಳಿಸುವ ಔಷಧಗಳಾದ ಪ್ರೋಟ್ಯಾಕ್‌ಗಳೇ ಉತ್ತರವೇ? ನನಗೆ ಅಷ್ಟು ಉತ್ಸಾಹವಿಲ್ಲ, ಏಕೆಂದರೆ ಅವು ಬೇಡದ ಕೆಲಸದೊಂದಿಗೆ ಬೇಕಾದ ಕೆಲಸವನ್ನೂ ಅಳಿಸಿಬಿಡುತ್ತವೆ. ನಿಮ್ಮ ಪ್ರೊಟೀನಿನ ವಿಷಯದಲ್ಲಿ ಮೊದಲು ಒಂದು ಪರೀಕ್ಷೆ ಮಾಡಿ: ಜೀನ್ ತೆಗೆದ ಕೋಶಗಳಿಗೆ, ಮ್ಯುಟೇಶನ್‌ನಿಂದ ಕಿಣ್ವಶಕ್ತಿ ಕಳೆದುಕೊಂಡ ಅದೇ ಪ್ರೊಟೀನನ್ನು ಮರಳಿ ಕೊಡಿ. ಕೋಶಗಳು ಚೇತರಿಸಿಕೊಂಡರೆ, ಅವುಗಳಿಗೆ ಬೇಕಿರುವುದು ಪ್ರೊಟೀನಿನ ಬೇರೆ ಕೆಲಸ ಎಂದರ್ಥ; ಕಿಣ್ವವನ್ನಷ್ಟೇ ತಡೆಯುವ ಔಷಧವನ್ನು ಎಷ್ಟು ಪ್ರಬಲಗೊಳಿಸಿದರೂ ಅಲ್ಲಿ ಪ್ರಯೋಜನವಾಗುವ ಸಾಧ್ಯತೆ ಕಡಿಮೆ.