ಮಧ್ಯಾಹ್ನ ಹೊರಟು ಅದೇ ಸಂಜೆ ಅಮೆರಿಕದಲ್ಲಿ?

ಪ್ರಶ್ನೆ: ಮಗಳು ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಎಲ್ಲೂ ಇಳಿಯದೆ ಹೋಗಿದ್ದ ಹಳೆಯ ಬೇಸಿಗೆಯ ಟಿಕೆಟ್ ಕೈಗೆ ಸಿಕ್ಕಿತು. ಮಧ್ಯಾಹ್ನ 2ಕ್ಕೆ ಹೊರಟು ಅದೇ ದಿನ ಸಂಜೆ 5.30ಕ್ಕೆ ಅಲ್ಲಿ. ಮರಳುವಾಗ ರಾತ್ರಿ 9ಕ್ಕೆ ಹೊರಟು ಮೂರನೆಯ ದಿನ ಬೆಳಗಿನ ಜಾವ 3ಕ್ಕೆ ಇಲ್ಲಿ. ದೂರ ಒಂದೇ ಅಲ್ಲವೇ? ಜುಲೈನಲ್ಲಿ ನಾವಿಬ್ಬರೂ ಹೊರಡುವವರಿದ್ದೇವೆ. ನಮಗೆ ಹತ್ತಿರವಾದ ಕಣ್ಣೂರಿನಿಂದ ಹೋದರೆ ಲಾಭವೇ?
– ಓದುಗರೊಬ್ಬರು, ವಿರಾಜಪೇಟೆ

ಉತ್ತರ: ವಾಯುಪಡೆಯಲ್ಲಿ ನಕ್ಷೆ ಹಿಡಿದು ಕೂರುತ್ತಿದ್ದವನಿಗೆ ಇಂಥ ಪ್ರಶ್ನೆ ಬಂದರೆ ತೋಟದ ಕೆಲಸ ಮರೆತುಹೋಗುತ್ತದೆ.

ಟಿಕೆಟ್‌ನಲ್ಲಿರುವುದು ಆಯಾ ಊರಿನ ಗಡಿಯಾರ. ಬೇಸಿಗೆಯಲ್ಲಿ ಕ್ಯಾಲಿಫೋರ್ನಿಯಾ ನಮಗಿಂತ 12.30 ಗಂಟೆ ಹಿಂದೆ. ಆದ್ದರಿಂದ ಹೋಗುವ ಪಯಣ ಮೂರೂವರೆ ಗಂಟೆಯದಲ್ಲ, 16 ಗಂಟೆಯದು, ಬರುವುದು 17.30 ಗಂಟೆಯದು. ಚಳಿಗಾಲದಲ್ಲಿ ಅವರು ಗಡಿಯಾರ ಹಿಂದಕ್ಕೆ ತಿರುಗಿಸುತ್ತಾರೆ, ಅಂತರ 13.30 ಆಗುತ್ತದೆ.

ದೂರ ಸುಮಾರು 14,000 ಕಿ.ಮೀ. ಗೋಡೆಯ ನಕ್ಷೆಯನ್ನು ನಂಬಬೇಡಿ; ಗೋಳದ ಮೇಲೆ ದಾರ ಎಳೆದು ನೋಡಿ. ದಾರ ಪಶ್ಚಿಮಕ್ಕೂ ಹೋಗುವುದಿಲ್ಲ, ನೇರ ಪೂರ್ವಕ್ಕೂ ಹೋಗುವುದಿಲ್ಲ. ಉತ್ತರಕ್ಕೆ ಏರಿ, ಟಿಬೆಟ್ ದಾಟಿ, ಸೈಬೀರಿಯಾವನ್ನು ಹಾಯ್ದು ಇಳಿಯುತ್ತದೆ. ಆದರೆ ವಿಮಾನ ದಾರದಂತೆ ಹಾರುವುದಿಲ್ಲ. ಒಳಗಿನ ಗಾಳಿಯ ಒತ್ತಡ ಕುಸಿದರೆ ಪೈಲಟ್ ಸುಮಾರು 3,000 ಮೀಟರ್ ಎತ್ತರಕ್ಕೆ ಇಳಿಯಬೇಕು. ಟಿಬೆಟ್‌ನ ನೆಲವೇ 4,000 ಮೀಟರ್ ಮೇಲಿದೆ! ಹಾಗಾಗಿ ಅದನ್ನು ಸುತ್ತುಹಾಕಿ ಪೆಸಿಫಿಕ್ ಕಡೆಯಿಂದ ಹೋಗುವುದು ರೂಢಿ. ಅಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೆಟ್ ಸ್ಟ್ರೀಮ್ ಬೆನ್ನಿಗೆ ಸಿಗುತ್ತದೆ, ಕೆಲವೊಮ್ಮೆ ಗಂಟೆಗೆ 150 ಕಿ.ಮೀ.ಗೂ ಹೆಚ್ಚು ವೇಗದಲ್ಲಿ. ಮರಳುವಾಗ ಅದೇ ಗಾಳಿ ಎದುರು. ನಿಮ್ಮ ಮಗಳ ಒಂದೂವರೆ ಗಂಟೆ ಅಲ್ಲಿ ಹೋಯಿತು. ಎದುರುಗಾಳಿ ತಪ್ಪಿಸಲು ಬೇರೆ ದಾರಿಯನ್ನೂ ಹಿಡಿಯುತ್ತಾರೆ: 2021ರ ಜನವರಿಯಲ್ಲಿ ಕ್ಯಾಪ್ಟನ್ ಝೋಯಾ ಅಗರ್ವಾಲ್ ಮತ್ತು ಅವರ ಮಹಿಳಾ ಪೈಲಟ್‌ಗಳ ತಂಡ ಏರ್ ಇಂಡಿಯಾ ವಿಮಾನವನ್ನು ಸ್ಯಾನ್ ಫ್ರಾನ್ಸಿಸ್ಕೋದಿಂದ ಉತ್ತರ ಧ್ರುವದ ಮೇಲೆ ಹಾಯಿಸಿ ಬೆಂಗಳೂರಿಗೆ ತಂದಿತು. ಆ ಸುದ್ದಿ ಓದಿದ ದಿನ ನನಗೆ ಹೊಟ್ಟೆಕಿಚ್ಚಾಗಿತ್ತು.

ಇನ್ನು ಕಣ್ಣೂರು. ಮಾಕುಟ್ಟ ಘಾಟಿ ಇಳಿದರೆ ಆ ವಿಮಾನ ನಿಲ್ದಾಣವಿರುವ ಮಟ್ಟನ್ನೂರು, ಬೆಳಿಗ್ಗೆ ತಿಂಡಿ ತಿಂದು ಹೊರಡಬಹುದು. ಆದರೆ ಅಲ್ಲಿಂದ ಬೇರೆಡೆಗೆ, ಉದಾಹರಣೆಗೆ ಕೊಲ್ಲಿಯ ಯಾವುದಾದರೂ ಊರಿಗೆ, ಹೋಗಿ ವಿಮಾನ ಬದಲಿಸಬೇಕು. ದುಬೈ ಮೂಲಕವಾದರೆ ಒಟ್ಟು ದೂರ 16,000 ಕಿ.ಮೀ. ಸಮೀಪ. ಹೆಚ್ಚುವ ದೂರ ದೊಡ್ಡದಲ್ಲ, ಕಾಯುವುದೇ ದೊಡ್ಡದು. ಎರಡೂ ಹಂತ ಒಂದೇ ಟಿಕೆಟ್‌ನಲ್ಲಿ ಸಿಕ್ಕರೆ ಮಾತ್ರ ಯೋಚಿಸಿ. ಇಲ್ಲವಾದರೆ ನಡುವೆ ಸಾಮಾನನ್ನು ನೀವೇ ಪಡೆದು ಮತ್ತೆ ಒಪ್ಪಿಸಬೇಕಾದೀತು. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಹೊಣೆಯೂ ನಿಮ್ಮದೇ.

ಬೆಂಗಳೂರನ್ನೇ ಆರಿಸಿದರೆ ಗಾಳಿಗಿಂತ ನೆಲದ ಲೆಕ್ಕವೇ ಕಷ್ಟ. ದೇವನಹಳ್ಳಿ ನಮ್ಮಿಂದ ಸುಮಾರು 300 ಕಿ.ಮೀ., ವಿಮಾನ ಹೊರಡುವ ಮೂರು ಗಂಟೆ ಮೊದಲು ಅಲ್ಲಿರಬೇಕು. ಜುಲೈನಲ್ಲಿ ನಮ್ಮ ರಸ್ತೆಗೆ ಯಾವ ಮರ ಯಾವಾಗ ಅಡ್ಡ ಬೀಳುತ್ತದೋ ಹೇಳಲಾಗದು. ಹಿಂದಿನ ದಿನವೇ ಹೊರಟು ಬೆಂಗಳೂರಿನಲ್ಲಿ ನೆಂಟರ ಮನೆಯಲ್ಲಿ ಮಲಗಿ.